ಡಾಕ್ಟರಮ್ಮನ ಟ್ರಂಕು: ವಿಜ್ಞಾನ, ವೈದ್ಯಕೀಯದಲ್ಲಿ ದುಡಿದ ಹೆಣ್ಣುಮಕ್ಕಳ ಕಾಗದಪತ್ರ ಕಾಪಾಡುವ ಸಮಗ್ರ ಮಾರ್ಗದರ್ಶಿ

ಅನಾಹುತ ಆಗುವುದು ಮನೆ ಖಾಲಿ ಮಾಡುವ ವಾರದಲ್ಲಿ. ಅಜ್ಜಿ ತಾಲ್ಲೂಕಿಗೆಲ್ಲ ಒಬ್ಬರೇ ಲೇಡಿ ಡಾಕ್ಟರ್ ಆಗಿದ್ದವರು, ಅಥವಾ ದೊಡ್ಡಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಮೂವತ್ತು ವರ್ಷ ಗಿಡಗಳ ಟಿಪ್ಪಣಿ ಬರೆದವರು. ಪದವಿ ಪತ್ರ, ಪದಕ, ಗೌನು ಹಾಕಿಕೊಂಡ ಫೋಟೊ ಇಷ್ಟನ್ನು ಯಾರಾದರೂ ಎತ್ತಿಟ್ಟುಕೊಳ್ಳುತ್ತಾರೆ. ಉಳಿದದ್ದು ಕೆಜಿ ಲೆಕ್ಕದಲ್ಲಿ ಹಳೇ ಪೇಪರ್ ಅಂಗಡಿಗೆ ಹೋಗುತ್ತದೆ. ಎಡವುವುದು ಇಲ್ಲೇ. ಪದವಿ ಕೊಟ್ಟ ದಾಖಲೆ ವಿಶ್ವವಿದ್ಯಾಲಯದಲ್ಲೂ ಇರುತ್ತದೆ. ಅಂಗಡಿಗೆ ಹೋದ ಕೇಸ್ ಪುಸ್ತಕ, ತಂಗಿಗೆ ಬರೆದ ಇನ್‌ಲ್ಯಾಂಡ್ ಲೆಟರು, ರಜೆ ಅರ್ಜಿಯ ಕರಡು, ಖರ್ಚಿನ ಡೈರಿ, ಇವಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ಗಂಡಸು ವಿಜ್ಞಾನಿಯ ಕಾಗದಗಳು ಸಾಮಾನ್ಯವಾಗಿ ಕಚೇರಿಯಲ್ಲಿ ಉಳಿಯುತ್ತವೆ. ಅವರಿಗೊಂದು ಕೋಣೆ, ಟೈಪಿಸ್ಟು, ಕಡತದ ಕಪಾಟು ಇದ್ದವು. ಹೆಣ್ಣುಮಕ್ಕಳ ಕೆಲಸದ ದಾಖಲೆ ಬಹುಪಾಲು ಮನೆಯಲ್ಲೇ ಉಳಿದಿರುತ್ತದೆ, ಮನೆಯ ಕಾಗದಗಳ ಜೊತೆ ಬೆರೆತು. ಹಾಗಾಗಿ ‘ವಿಜ್ಞಾನದ್ದು ಒಂದು ಕಡೆ, ಮನೆಯದ್ದು ಒಂದು ಕಡೆ’ ಎಂದು ಮೊದಲ ದಿನವೇ ವಿಂಗಡಿಸಬೇಡಿ. ಈ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಏಕೆಂಬುದಕ್ಕೆ ಬೆಂಗಳೂರಿನ ಎರಡು ಉದಾಹರಣೆ ಸಾಕು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತ್ ಅವರನ್ನು ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಬೇಡವೆಂದರು, ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಅವರೇ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ. ರಾಮನ್ ಪ್ರಯೋಗಾಲಯದಲ್ಲೇ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಮೇಲೆ ಕೆಲಸ ಮಾಡಿದ ಅನ್ನಾ ಮಣಿ ಪ್ರಬಂಧ ಬರೆದು ಒಪ್ಪಿಸಿದರೂ ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಪದವಿ ಸಿಗದ ಆ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಪದವಿ ಪತ್ರಗಳನ್ನಷ್ಟೇ ಎತ್ತಿಟ್ಟಿದ್ದರೆ ಈ ಕಥೆಗೆ ಆಧಾರವೇ ಇರುತ್ತಿರಲಿಲ್ಲ. ಆಗದೆ ಹೋದದ್ದರ ಕಾಗದವನ್ನೂ ಇಡಬೇಕು: ಸಿಗದ ವಿದ್ಯಾರ್ಥಿವೇತನ, ತಿರಸ್ಕಾರದ ಪತ್ರ, ಕಳಿಸದೇ ಉಳಿದ ರಾಜೀನಾಮೆ.

ಮೊದಲ ದಿನ: ಫೋಟೊ, ನಂಬರು, ಅಷ್ಟೇ

ಟ್ರಂಕು, ಬೀರು, ಅಟ್ಟದ ಗಂಟು ಯಾವುದೇ ಇರಲಿ, ಮುಚ್ಚಳ ತೆಗೆದ ಕೂಡಲೇ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಒಂದೊಂದು ಪದರ ಎತ್ತಿದ ಮೇಲೂ ಇನ್ನೊಂದು ಫೋಟೊ. ಪ್ರತಿ ಗಂಟಿಗೆ, ಫೈಲಿಗೆ, ಲಕೋಟೆಗೆ ಒಂದು ಚೀಟಿ ಇಟ್ಟು ಕ್ರಮಸಂಖ್ಯೆ ಹಾಕಿ. ಚೀಟಿಯ ಮೇಲೆ ಬರೆಯುವುದು ಪೆನ್ಸಿಲ್‌ನಲ್ಲಿ, 2ಬಿ ಇದ್ದರೆ ಒಳ್ಳೆಯದು. ಮೇಜಿನ ಮೇಲೆ ಬಾಲ್‌ಪೆನ್ನು ಇರಲೇ ಕೂಡದು; ಅದು ಕೈಗೆ ಸಿಕ್ಕರೆ ಯಾರೋ ಒಬ್ಬರು ಮೂಲ ಕಾಗದದ ಮೇಲೇ ‘ಅಜ್ಜಿಯ ಪತ್ರ’ ಎಂದು ಬರೆದೇ ಬಿಡುತ್ತಾರೆ.

ಕಾಗದಗಳು ಯಾವ ಕ್ರಮದಲ್ಲಿ ಸಿಕ್ಕವೋ ಆ ಕ್ರಮಕ್ಕೂ ಅರ್ಥವಿದೆ. 1942ರ ಹೆರಿಗೆ ಟಿಪ್ಪಣಿಯ ಜೊತೆ ಒಂದು ಮದುವೆ ಕರೆಯೋಲೆ ಸಿಕ್ಕರೆ ಅದನ್ನು ಕಿತ್ತು ‘ಕರೆಯೋಲೆಗಳು’ ಗುಂಪಿಗೆ ಹಾಕುವ ಮುನ್ನ ತಿರುಗಿಸಿ ನೋಡಿ. ಕಾಗದಕ್ಕೆ ಬರ ಇದ್ದ ಯುದ್ಧದ ವರ್ಷಗಳಲ್ಲಿ ಕರೆಯೋಲೆಯ ಹಿಂಬದಿ, ಕ್ಯಾಲೆಂಡರ್ ಹಾಳೆ, ಔಷಧ ಕಂಪನಿಯ ಜಾಹೀರಾತು ಎಲ್ಲವೂ ಬರೆಯುವ ಹಾಳೆಯೇ ಆಗಿದ್ದವು.

ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡರೆ ಕಾಗದ ಮುಟ್ಟಲು ಅಷ್ಟು ಸಾಕು. ಟಿವಿಯಲ್ಲಿ ತೋರಿಸುವ ಬಿಳಿ ಹತ್ತಿ ಕೈಗವಸು ಬೇಡ. ಬೆರಳಿನ ಸ್ಪರ್ಶ ತಿಳಿಯದೆ ಅಂಚು ಹರಿಯುವುದೇ ಹೆಚ್ಚು. ಫೋಟೊ, ನೆಗೆಟಿವ್, ಗಾಜಿನ ಪ್ಲೇಟುಗಳಿಗೆ ಮಾತ್ರ ಪುಡಿ ಇಲ್ಲದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಬೆರಳಿನ ಎಣ್ಣೆ ಅಲ್ಲಿ ಕಲೆಯಾಗಿ ನಿಲ್ಲುತ್ತದೆ.

ಅಪಾಯದ ವಸ್ತುಗಳನ್ನು ಅಂದೇ ಬೇರೆ ಇಡಿ

ವಿಜ್ಞಾನ, ವೈದ್ಯಕೀಯದವರ ಟ್ರಂಕಿನಲ್ಲಿ ಸಾಹಿತಿಗಳ ಟ್ರಂಕಿನಲ್ಲಿ ಇರದ ಸಾಮಾನು ಇರುತ್ತದೆ. 1930ರ ದಶಕದ ಆರಂಭದವರೆಗಿನ ಎಕ್ಸ್‌ರೇ ಫಿಲ್ಮು, 1950ರ ದಶಕದ ಆರಂಭದವರೆಗಿನ ನೆಗೆಟಿವ್‌ಗಳು ನೈಟ್ರೇಟ್ ಎಂಬ ಬಗೆಯವಾಗಿರಬಹುದು. ಅದು ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. 1929ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಫಿಲ್ಮುಗಳಿಂದ ಎದ್ದ ವಿಷದ ಹೊಗೆಗೆ 123 ಜನ ಸತ್ತರು. ಅಂಚಿನಲ್ಲಿ ‘ನೈಟ್ರೇಟ್’ ಎಂಬ ಮುದ್ರೆ, ಜಿಗುಟು, ಕಂದು ಪುಡಿ, ಕಟುವಾಸನೆ ಕಂಡರೆ ಅದನ್ನು ಮನೆಯಲ್ಲಿ ಇಡಬೇಡಿ, ಸ್ಕ್ಯಾನರ್ ಮೇಲೂ ಹಾಕಬೇಡಿ. ತಂಪಾದ, ಗಾಳಿಯಾಡುವ ಹೊರಕೋಣೆಗೆ ಸಾಗಿಸಿ, ಪತ್ರಾಗಾರದವರನ್ನೋ (ಹಳೆಯ ದಾಖಲೆ ಕಾಪಾಡುವ ಸಂಸ್ಥೆ, ಆರ್ಕೈವ್ಸ್) ಅಗ್ನಿಶಾಮಕ ದಳದವರನ್ನೋ ಕೇಳಿ. ವಿನಿಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು. ಅದು ಬೆಂಕಿಯ ಭಯದ್ದಲ್ಲ. ಆದರೆ ವಾಸನೆ ಬರುತ್ತಿದೆ ಎಂದರೆ ಕೊಳೆಯಲು ಶುರುವಾಗಿದೆ ಎಂದರ್ಥ, ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

ಒಣಗಿಸಿದ ಗಿಡಗಳ ಹಳೆಯ ಹಾಳೆಗಳಿಗೆ ಹುಳ ಹತ್ತದಂತೆ ಮರ್ಕ್ಯುರಿಕ್ ಕ್ಲೋರೈಡ್, ಆರ್ಸೆನಿಕ್ ಬಳಿಯುತ್ತಿದ್ದರು. ಹಾಳೆಯ ಮೇಲೆ ಗಿಡದ ಸುತ್ತ ಬೂದು ಅಥವಾ ಕಪ್ಪು ನೆರಳು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಔಷಧ ಸೀಸೆ, ಸಿರಿಂಜು, ಅಂಗಾಂಶದ ಸ್ಲೈಡುಗಳು ಪತ್ರಾಗಾರದ ಸಾಮಗ್ರಿಯಲ್ಲ, ವಸ್ತುಸಂಗ್ರಹಾಲಯದ್ದು. ಎಲ್ಲಿ ಸಿಕ್ಕಿತೆಂದು ಬರೆದು, ಫೋಟೊ ತೆಗೆದು, ಬೇರೆ ಪೆಟ್ಟಿಗೆಗೆ ಹಾಕಿ. ಮೇರಿ ಕ್ಯೂರಿಯ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತವೆ ಎಂಬುದು ಗೊತ್ತಿರುವ ಮಾತೇ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟಿದೆ. ನಮ್ಮ ಟ್ರಂಕುಗಳಲ್ಲಿ ಅಂಥದ್ದು ಅಪರೂಪವೇ. ಆದರೂ ರೇಡಿಯಂ ಚಿಕಿತ್ಸೆ ಅಥವಾ ವಿಕಿರಣದ ಪ್ರಯೋಗ ಮಾಡಿದವರ ಪುಸ್ತಕವಾದರೆ ಭೌತಶಾಸ್ತ್ರ ವಿಭಾಗದವರಿಂದ ಒಮ್ಮೆ ಅಳತೆ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಹುಳ, ಬೂಷ್ಟು, ಮಳೆಗಾಲ

ಮಲೆನಾಡು, ಕರಾವಳಿಯ ಮಳೆಗಾಲ ಕಾಗದಕ್ಕೆ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಎದ್ದೇಳುತ್ತದೆ. ಶೇ. 45ರಿಂದ 55ರೊಳಗೆ, ಏರಿಳಿತ ಕಡಿಮೆ ಇದ್ದರೆ ಕಾಗದ ನೆಮ್ಮದಿಯಾಗಿರುತ್ತದೆ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರು ಅಗ್ಗಕ್ಕೆ ಸಿಗುತ್ತದೆ, ಕಪಾಟಿನೊಳಗೆ ಒಂದು ಇಡಿ. ಕಪಾಟು ಹೊರಗೋಡೆಗೆ ತಾಗದಿರಲಿ, ನೆಲದಿಂದ 15 ಸೆಂ.ಮೀ. ಮೇಲಿರಲಿ. ಬಚ್ಚಲಮನೆಯ ಗೋಡೆಗೆ ಒರಗಿಸಿದ ಬೀರುವಿಗಿಂತ ನಡುಮನೆಯ ಮಂಚದ ಪಕ್ಕದ ಸ್ಟೀಲ್ ಕಪಾಟು ಎಷ್ಟೋ ವಾಸಿ. ಅಟ್ಟದಲ್ಲಂತೂ ಬೇಡವೇ ಬೇಡ, ಹೆಂಚಿನ ಕೆಳಗಿನ ಬಿಸಿಗೆ ಕಾಗದ ಹಪ್ಪಳವಾಗುತ್ತದೆ.

ಬೂಷ್ಟು ಹಿಡಿದ ಕಟ್ಟನ್ನು ಉಳಿದವುಗಳಿಂದ ಅಂದೇ ಬೇರೆ ಮಾಡಿ. ಮೊದಲು ಒಣಗಬೇಕು: ಫ್ಯಾನಿನ ಗಾಳಿ ನೇರ ತಾಗದ ಕಡೆ, ನೆರಳಿನಲ್ಲಿ, ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿ. ಹಸಿ ಬೂಷ್ಟನ್ನು ಒರೆಸಿದರೆ ನೂಲಿನೊಳಗೆ ಇಳಿದುಬಿಡುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ ಕೂತು, ಎನ್95 ಮಾಸ್ಕ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಒಂದೇ ದಿಕ್ಕಿನಲ್ಲಿ ಗುಡಿಸಿ. ಬಿಸಿಲಿಗೆ ಹರಡುವುದು ನಮ್ಮವರ ಮೊದಲ ಯೋಚನೆ. ಹಪ್ಪಳ, ಸಂಡಿಗೆಗೆ ಸರಿ, ನೀಲಿ ಶಾಯಿಯ ಪತ್ರಕ್ಕಲ್ಲ, ಶಾಯಿ ಮಂಕಾಗುತ್ತದೆ.

ಜೀವಂತ ಹುಳ ಇದ್ದರೆ ಫ್ರೀಜರ್ ಒಳ್ಳೆಯ ಔಷಧ. ಕಟ್ಟನ್ನು ದಪ್ಪ ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಹಿಂಡಿ, ಬಾಯಿ ಭದ್ರವಾಗಿ ಮುಚ್ಚಿ ಮನೆಯ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ 2 ವಾರ ಬಿಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ನೀರು ಇಳಿದು ಶಾಯಿ ಹರಡುತ್ತದೆ. ಗಾಜಿನ ಪ್ಲೇಟು, ಫೋಟೊ, ನೆಗೆಟಿವ್‌ಗಳನ್ನು ಹೀಗೆ ಮಾಡಬೇಡಿ. ನುಸಿಗುಳಿಗೆ ಹುಳುವನ್ನು ಓಡಿಸುತ್ತದೆ ನಿಜ, ಆದರೆ ಅದರ ಹೊಗೆ ಕೆಲಸ ಮಾಡುವವರ ಎದೆಗೂ ಫೋಟೊ, ಪ್ಲಾಸ್ಟಿಕ್‌ಗೂ ಒಳ್ಳೆಯದಲ್ಲ. ಹಸಿ ಬೇವಿನಸೊಪ್ಪು ತೇವ ತರುತ್ತದೆ. ವಾರಕ್ಕೊಮ್ಮೆ ಕಪಾಟು ತೆಗೆದು ನೋಡುವುದು ಈ ಎರಡಕ್ಕಿಂತಲೂ ಮೇಲು.

ತುಕ್ಕು ಹಿಡಿದ ಗುಂಡುಸೂಜಿ ತೆಗೆಯುವ ಬಗೆ

ಹಳೆಯ ಆಸ್ಪತ್ರೆ ಕಾಗದಗಳಲ್ಲಿ ಗುಂಡುಸೂಜಿಯೇ ಹೆಚ್ಚು, ಸ್ಟೇಪ್ಲರ್ ಆಮೇಲಿನದ್ದು. ಸೂಜಿ ಕಾಗದಕ್ಕೆ ಅಂಟಿಕೊಂಡಿರುತ್ತದೆ. ಎಳೆದರೆ ಸುತ್ತಲಿನ ಕಂದು ವೃತ್ತದ ಸಮೇತ ಹರಿದು ಬರುತ್ತದೆ. ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆ ಇಡಿ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ 2 ಸೆಂ.ಮೀ. ಅಗಲದ ಎರಡು ತುಂಡು ಕತ್ತರಿಸಿ ಒಂದನ್ನು ಸೂಜಿಯ ಕೆಳಗೆ, ಇನ್ನೊಂದನ್ನು ಹಿಂಬದಿಯಲ್ಲಿ ತೂರಿಸಿ. ಈಗ ಸೂಜಿಗೂ ಕಾಗದಕ್ಕೂ ನಡುವೆ ತಡೆ ಬಂತು. ಸೂಜಿಯನ್ನು ಎಳೆಯುವ ಬದಲು ಅದರ ಅಕ್ಷದ ಸುತ್ತ ಮೆಲ್ಲಗೆ, ಕಾಲು ಸುತ್ತಿನಷ್ಟು, ಹಿಂದಕ್ಕೂ ಮುಂದಕ್ಕೂ ತಿರುಗಿಸಿ. ತುಕ್ಕಿನ ಹಿಡಿತ ಬಿಟ್ಟದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ತೂರಿದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಸ್ಟೇಪ್ಲರ್ ಪಿನ್ನಾದರೆ ಹಿಂಬದಿಯ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿದ ಮೇಲೆ ಮುಂದಿನಿಂದ ಎತ್ತಿ. ಹಲ್ಲಿರುವ ಸ್ಟೇಪಲ್ ರಿಮೂವರ್ ಬಳಸಬೇಡಿ.

ಯಾವ ಹಾಳೆಗಳು ಒಟ್ಟಿಗೆ ಚುಚ್ಚಿದ್ದವು ಎಂಬ ಮಾಹಿತಿ ಸೂಜಿಯ ಜೊತೆ ಹೋಗಬಾರದು. ಅವನ್ನೆಲ್ಲ ಮಡಚಿದ ಒಂದು ಬಿಳಿ ಹಾಳೆಯೊಳಗೆ ಒಟ್ಟಿಗಿಡಿ.

ಸೆಲೋಟೇಪಿನ ವಿಷಯದಲ್ಲಿ ಆಸೆ ಬಿಡಿ. ಒಣಗಿ ತಾನಾಗಿ ಉದುರುವ ಟೇಪು ತೆಗೆಯಿರಿ, ಹಿಡಿದಿರುವುದನ್ನು ಸಂರಕ್ಷಣಾ ತಜ್ಞರಿಗೆ ಬಿಡಿ. ಹೊಸ ಟೇಪು ಯಾವ ಕಾರಣಕ್ಕೂ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಕಾಗದಕ್ಕೆ ಮರಣದಂಡನೆಯೇ: ಬಿಸಿ, ಅಂಟು, ಪ್ಲಾಸ್ಟಿಕ್ ಮೂರೂ ಸೇರಿ ಒಳಗೇ ಸುಡುತ್ತವೆ, ಬಿಡಿಸಲಾಗುವುದಿಲ್ಲ. ಎಷ್ಟು ಮನೆಗಳಲ್ಲಿ ಅಜ್ಜಿಯ ಪದವಿ ಪತ್ರವನ್ನು ‘ಭದ್ರವಾಗಿರಲಿ’ ಎಂದು ಲ್ಯಾಮಿನೇಟ್ ಮಾಡಿಸಿದ್ದಾರೋ ಲೆಕ್ಕವಿಲ್ಲ.

ಕಡತ, ಪೆಟ್ಟಿಗೆ

ಅಂಗಡಿಯ ಬಣ್ಣದ ರಟ್ಟಿನ ಫೈಲುಗಳಲ್ಲಿ ಆಮ್ಲ ಇರುತ್ತದೆ, ಕೆಲವೇ ವರ್ಷಗಳಲ್ಲಿ ಒಳಗಿನ ಹಾಳೆಯ ಅಂಚು ಹಳದಿಯಾಗುತ್ತದೆ. ಆಮ್ಲರಹಿತ ಕಡತ ತರಿಸಲು ಆಗದಿದ್ದರೆ ಹತ್ತಿ ಚಿಂದಿಯ ಕೈಕಾಗದ ಒಳ್ಳೆಯದು. ‘ಕೈಕಾಗದ’ ಎಂದ ಮಾತ್ರಕ್ಕೆ ನಂಬಬೇಡಿ, ಅದಕ್ಕೂ ಪಟಿಕ ಹಾಕುವುದುಂಟು. ಪಿಎಚ್ ಪೆನ್ನಿನಿಂದ ಮೂಲೆಯಲ್ಲಿ ಗೆರೆ ಎಳೆಯಿರಿ: ನೇರಳೆಯಾದರೆ ಬಳಸಬಹುದು, ಹಳದಿಯಾದರೆ ಬೇಡ. ಈ ಪರೀಕ್ಷೆ ಹೊಸ ಹಾಳೆಗೆ ಮಾತ್ರ. ಮೂಲ ಪತ್ರದ ಮೇಲೆ ಮಾಡಿದರೆ ಕಲೆ ಹೋಗುವುದಿಲ್ಲ.

ಒಂದು ಕಡತಕ್ಕೆ 1ರಿಂದ 2 ಸೆಂ.ಮೀ. ದಪ್ಪ ಸಾಕು. ಪೆಟ್ಟಿಗೆ ತುಂಬಿ ತುಳುಕಬಾರದು, ಅರ್ಧ ಖಾಲಿಯೂ ಇರಬಾರದು; ಖಾಲಿ ಇದ್ದರೆ ಹಾಳೆಗಳು ಬಾಗಿ ಕೂರುತ್ತವೆ. ಫೋಟೊಗಳಿಗೆ ಪಿವಿಸಿ ಆಲ್ಬಂ ಬೇಡ, ಒಂದೊಂದಕ್ಕೆ ಒಂದು ಕಾಗದದ ಲಕೋಟೆ ಮಾಡಿ. ಲಕೋಟೆಯ ಮೇಲೆ ಬರೆದು ಮುಗಿಸಿದ ಮೇಲೇ ಫೋಟೊ ಒಳಗೆ ಹಾಕಿ. ಒಳಗಿಟ್ಟು ಬರೆದರೆ ಅಕ್ಷರದ ಅಚ್ಚು ಫೋಟೊದ ಮೇಲೆ ಬೀಳುತ್ತದೆ. ಕಪ್ಪು ಶಾಯಿ ಕಂದಾಗಿ, ಅಕ್ಷರದ ಸುತ್ತ ಸುಟ್ಟಂತೆ ಕಂಡರೆ ಅದು ಕಬ್ಬಿಣದ ಶಾಯಿ. ಅಂಥ ಹಾಳೆ ಮಡಚಬೇಡಿ, ತೇವ ತಾಗಿಸಬೇಡಿ.

ಹೆಸರಿನ ತೊಡಕು

ಪಟ್ಟಿ ಬರೆಯಲು ಕೂರುವ ಮುನ್ನ ಹೆಸರುಗಳ ಒಂದು ಹಾಳೆ ಸಿದ್ಧ ಮಾಡಿ. ಹೆಣ್ಣುಮಕ್ಕಳ ದಾಖಲೆ ಹುಡುಕಿದರೂ ಸಿಗದಿರುವುದಕ್ಕೆ ಮುಖ್ಯ ಕಾರಣ ಇದೇ. ಕಮಲಾ ಭಾಗವತ್ ಹೆಸರಿನಲ್ಲಿ ಸಂಸ್ಥೆಗೆ ಸೇರಿದವರು ಮುಂದೆ ಕಮಲಾ ಸೊಹೊನಿ. ರಸಾಯನ ವಿಜ್ಞಾನಿ ಅಸೀಮಾ ಮುಖರ್ಜಿ ಮುಂದೆ ಅಸೀಮಾ ಚಟರ್ಜಿ. ನಮ್ಮ ಕಡೆ ಇನ್ನೂ ಗೋಜಲು: ಶಾಲೆಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಮದುವೆಯಾದ ಮೇಲೆ ಗಂಡನ ಹೆಸರು, ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಮಿಸ್’ ಎಂದಷ್ಟೇ, ಊರವರ ಬಾಯಲ್ಲಿ ‘ಡಾಕ್ಟರಮ್ಮ’, ಪತ್ರಗಳಲ್ಲಿ ಮನೆಯ ಮುದ್ದಿನ ಹೆಸರು. ಎಲ್ಲ ರೂಪಗಳನ್ನೂ, ಯಾವ ವರ್ಷದಿಂದ ಯಾವ ವರ್ಷದವರೆಗೆ ಬಳಕೆಯಲ್ಲಿತ್ತು ಎಂಬುದನ್ನೂ ಬರೆಯಿರಿ. ಕನ್ನಡ, ಇಂಗ್ಲಿಷ್ ಕಾಗುಣಿತಗಳೂ ಇರಲಿ.

ಗಂಡ ಹೆಂಡತಿ ಇಬ್ಬರೂ ಒಂದೇ ಕ್ಷೇತ್ರದವರಾದರೆ ಇನ್ನಷ್ಟು ಎಚ್ಚರ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆ ಮಾಡಿದ ರಾಜೇಶ್ವರಿ ಚಟರ್ಜಿ, ಅವರ ಪತಿ ಶಿಶಿರ್ ಕುಮಾರ್ ಚಟರ್ಜಿ ಇಬ್ಬರೂ ಒಂದೇ ವಿಭಾಗದವರು. ಇಂಥ ಜೋಡಿಯ ಕಾಗದಗಳು ಸಿಕ್ಕಾಗ ಗಂಡನ ಹೆಸರಿನಲ್ಲಿ ಒಂದೇ ಸಂಗ್ರಹ ಮಾಡಿ ಒಳಗೆ ‘ಪತ್ನಿಯ ಕಾಗದಗಳು’ ಎಂಬ ಉಪವಿಭಾಗ ಇಡುವುದು ತಪ್ಪು. ಇಬ್ಬರ ಹೆಸರಲ್ಲೂ ಸಂಗ್ರಹ ಇರಲಿ. ಯಾರ ಕೈಬರಹವೆಂದು ತಿಳಿಯದ ಕರಡುಗಳನ್ನು ಊಹೆಯ ಮೇಲೆ ಹಂಚದೆ ‘ಜಂಟಿ’ ಎಂದು ಬಿಡಿ.

ಪಟ್ಟಿ ಬರೆಯುವುದು

ಅಂತರರಾಷ್ಟ್ರೀಯ ಪತ್ರಾಗಾರ ಪರಿಷತ್ತಿನ ವಿವರಣಾ ಮಾನದಂಡದಲ್ಲಿ 26 ಅಂಶಗಳಿವೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಅದರಲ್ಲಿ 6 ಸಾಕು: ಸಂಕೇತ ಸಂಖ್ಯೆ, ಶೀರ್ಷಿಕೆ, ಬರೆದವರು, ಕಾಲ, ಪ್ರಮಾಣ, ಇದು ಯಾವ ಹಂತದ ವಿವರಣೆ ಎಂಬುದು. ಒಂದು ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದು ಕಡತ. ಪ್ರತಿ ಪತ್ರಕ್ಕೆ ಒಂದು ಸಾಲು ಬರೆಯಲು ಹೊರಟವರು ಎರಡನೇ ತಿಂಗಳಿಗೆ ಕೈಬಿಡುತ್ತಾರೆ. ಮೊದಲು ಕಡತದ ಮಟ್ಟಕ್ಕೆ ಇಡೀ ಸಂಗ್ರಹ ಮುಗಿಸಿ, ಆಮೇಲೆ ಬೇಕೆನಿಸಿದ ಕಡತದ ಒಳಗೆ ಇಳಿಯಿರಿ.

‘ವೈದ್ಯಕೀಯ ಟಿಪ್ಪಣಿಗಳು, ಹಳೆಯದು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಒಂದು ಕಾಲ್ಪನಿಕ ನಮೂದು ಹೀಗಿರಬಹುದು:

“03-012. ಹೆರಿಗೆ ಟಿಪ್ಪಣಿ ಪುಸ್ತಕ. ಜೂನ್ 1941ರಿಂದ ಸುಮಾರು 1944. 1 ಪುಸ್ತಕ, 182 ಪುಟ, ಬಿಡಿ ಹಾಳೆ 9. ಇಂಗ್ಲಿಷ್, ರೋಗಿಯ ಮಾತುಗಳು ಕನ್ನಡದಲ್ಲಿ. ದಿನಾಂಕ, ತಾಯಿಯ ವಯಸ್ಸು, ಎಷ್ಟನೇ ಹೆರಿಗೆ, ಕೊಟ್ಟ ಔಷಧ, ಫಲಿತಾಂಶ. ಪುಟ 60ರಿಂದ ಮುಂದೆ ಸೂಲಗಿತ್ತಿ ಮೊದಲು ಏನು ಮಾಡಿದ್ದಳೆಂಬ ಕಾಲಂ ಸೇರಿದೆ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಮನೆಯ ಹಾಲಿನ ಲೆಕ್ಕ, 14 ಪುಟ. ರೋಗಿಗಳ ಹೆಸರಿವೆ: ನಿರ್ಬಂಧಿತ.”

ಆ ಹಾಲಿನ ಲೆಕ್ಕ ಮುಖ್ಯ. ಯಾವ ದಿನ ಲೆಕ್ಕ ಬರೆದಿಲ್ಲವೋ ಆ ದಿನದ ಹೆರಿಗೆ ಟಿಪ್ಪಣಿ ನೋಡಿದರೆ ಅವರು ಊರಲ್ಲಿ ಇದ್ದರೋ ಹಳ್ಳಿಗೆ ಹೋಗಿದ್ದರೋ ತಿಳಿಯಬಹುದು. ಔಷಧದ ಬೆಲೆ, ಗಾಡಿ ಬಾಡಿಗೆ, ಕಂಪೌಂಡರ್ ಸಂಬಳ ಸಿಗುವುದೂ ಇಂಥ ಪುಟಗಳಲ್ಲೇ. ಕಾಲ ಖಚಿತವಿಲ್ಲದಿದ್ದರೆ ‘ಸುಮಾರು’ ಎಂದು ಬರೆದು, ಏಕೆ ಹಾಗೆ ಅಂದುಕೊಂಡಿರಿ ಎಂಬುದನ್ನೂ ಸೇರಿಸಿ: ಅಂಚೆ ಮುದ್ರೆ, ರಾಜನ ಚಿತ್ರವಿರುವ ಸ್ಟಾಂಪು, ರೂಪಾಯಿ–ಆಣೆ ಲೆಕ್ಕ. ಆಣೆ ಇದ್ದರೆ 1957ಕ್ಕಿಂತ ಹಿಂದಿನದ್ದಿರಬಹುದು. ಜನ ಆಮೇಲೂ ಕೆಲಕಾಲ ಆಣೆಯಲ್ಲೇ ಬರೆದರು, ಅದನ್ನೂ ನೆನಪಿಡಿ.

ಪಟ್ಟಿಯ ಜೊತೆಗೆ ಎರಡು ಪುಟದ ಜೀವನ ಟಿಪ್ಪಣಿ ಬೇಕು. ಇದಕ್ಕೆ ಅವರ ಜೊತೆ ಕೆಲಸ ಮಾಡಿದ ನರ್ಸಮ್ಮನನ್ನೋ ಹಳೆಯ ವಿದ್ಯಾರ್ಥಿನಿಯನ್ನೋ ಮಾತನಾಡಿಸಿ ರೆಕಾರ್ಡ್ ಮಾಡಿ. ಫೋಟೊದಲ್ಲಿ ಯಾರು ಯಾರು ಎಂದು ಹೇಳಬಲ್ಲವರಿಗೆ ಎಂಬತ್ತು ದಾಟಿರುತ್ತದೆ. ಮಿಕ್ಕೆಲ್ಲ ಕೆಲಸಕ್ಕಿಂತ ಮೊದಲು ಇದನ್ನು ಮಾಡಿದರೂ ತಪ್ಪಿಲ್ಲ.

ರೋಗಿಗಳ ಗುಟ್ಟು

ವೈದ್ಯೆಯ ಕಾಗದಗಳಲ್ಲಿ ಅವರ ಬದುಕಷ್ಟೇ ಇರುವುದಿಲ್ಲ, ಊರಿನ ಅರ್ಧ ಮನೆಗಳ ಗುಟ್ಟೂ ಇರುತ್ತದೆ. ಮದುವೆಗೆ ಮುಂಚಿನ ಬಸಿರು, ಗುಹ್ಯರೋಗ, ಬಂಜೆತನದ ಚಿಕಿತ್ಸೆ. ಅವರ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲೇ ಇರಬಹುದು. ಹೆಸರಿರುವ ರಿಜಿಸ್ಟರನ್ನು ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹಾಕಬೇಡಿ, ಒಂದೇ ಪುಟವಾದರೂ ಸರಿ.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ನಿಯಮಗಳ ಪ್ರಕಾರ ಗರ್ಭಪಾತ ಮಾಡಿಸಿಕೊಂಡವರ ದಾಖಲಾತಿ ರಿಜಿಸ್ಟರು ಗುಪ್ತ ದಾಖಲೆ. ಅಂಥದ್ದು ಸಿಕ್ಕರೆ ತೆರೆದು ಓದದೆ, ಲಕೋಟೆಯಲ್ಲಿ ಮುಚ್ಚಿ, ವಕೀಲರನ್ನು ಕೇಳಿ. ಉಳಿದ ರೋಗಿ ದಾಖಲೆಗಳಿಗೆ ಒಂದು ಅವಧಿಯ ನಿರ್ಬಂಧ ಹಾಕಬಹುದು. ಅಮೆರಿಕದ ಆರೋಗ್ಯ ಗೋಪ್ಯತಾ ನಿಯಮ ರೋಗಿ ಸತ್ತ ಮೇಲೆ 50 ವರ್ಷ ರಕ್ಷಣೆ ಕೊಡುತ್ತದೆ. ಸತ್ತ ದಿನ ಗೊತ್ತಿಲ್ಲದ ಕಡೆ ಕೊನೆಯ ನಮೂದಿನಿಂದ 75 ಅಥವಾ 100 ವರ್ಷ ಎಂದಿಟ್ಟುಕೊಳ್ಳುವುದು ಸುರಕ್ಷಿತ. ಆದರೆ ಗುಟ್ಟಿದೆ ಎಂದು ಸುಟ್ಟುಹಾಕಬೇಡಿ. ಹೆಸರು ಮರೆಮಾಡಿದ ಪ್ರತಿಯನ್ನು ಸಂಶೋಧಕರಿಗೆ ಕೊಡಬಹುದು, ಸುಟ್ಟ ಬೂದಿಯನ್ನು ಕೊಡಲಾಗುವುದಿಲ್ಲ. ಮೂಲದ ಮೇಲೆ ಹೆಸರಿಗೆ ಕಪ್ಪು ಬಳಿಯುವುದೂ ಸುಟ್ಟ ಹಾಗೆಯೇ. ಮರೆ ಮಾಡುವುದು ಯಾವತ್ತೂ ಸ್ಕ್ಯಾನ್ ಪ್ರತಿಯ ಮೇಲೆ ಮಾತ್ರ.

ಸ್ಕ್ಯಾನ್

ಸ್ಕ್ಯಾನ್ ಮಾಡಿದ ಮೇಲೆ ಮೂಲ ಎಸೆಯಬಹುದು ಎಂಬ ಲೆಕ್ಕಾಚಾರ ಇದ್ದರೆ ಸ್ಕ್ಯಾನೇ ಬೇಡ. ಕೈಬರಹದ ಪತ್ರಗಳಿಗೆ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಬಣ್ಣದಲ್ಲಿ. ಫೋಟೊಗಳಿಗೆ 600. 35 ಮಿ.ಮೀ. ನೆಗೆಟಿವ್‌ಗೆ 3000 ಆಸುಪಾಸು. ಸ್ಕ್ಯಾನಿನ ಮೂಲ ಪ್ರತಿ ಚಿತ್ರದ ವಿವರ ಕಳೆಯದ ಟಿಫ್ ರೂಪದಲ್ಲಿ, ಓದಲು, ಹಂಚಲು ಪಿಡಿಎಫ್ ಅಥವಾ ಜೆಪೆಗ್. ಎ4 ಅಳತೆಯ ಒಂದು ಪುಟ 400 ಡಿಪಿಐ ಬಣ್ಣದ ಟಿಫ್‌ನಲ್ಲಿ ಸುಮಾರು 46 ಎಂಬಿ ಆಗುತ್ತದೆ. 2,000 ಪುಟಕ್ಕೆ 92 ಜಿಬಿ ದಾಟುತ್ತದೆ. ಡಿಸ್ಕ್ ಕೊಳ್ಳುವಾಗ ಈ ಲೆಕ್ಕ ಹಾಕಿ.

ಫೋನಿನ ‘ಡಾಕ್ಯುಮೆಂಟ್ ಸ್ಕ್ಯಾನ್’ ಆ್ಯಪ್‌ಗಳು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಅಂಚಿನ ಪೆನ್ಸಿಲ್ ಗುರುತು ಅಳಿಸುತ್ತವೆ. ಪ್ರಯೋಗದ ಟಿಪ್ಪಣಿಯಲ್ಲಿ ‘ಮತ್ತೆ ನೋಡು’ ಎಂದು ಬರೆದಿರುವುದು ಪೆನ್ಸಿಲ್‌ನಲ್ಲೇ. ಫೋನೇ ಗತಿ ಎಂದಾದರೆ ಸ್ಟ್ಯಾಂಡಿಗೆ ಕಟ್ಟಿ, ಎರಡೂ ಕಡೆಯಿಂದ ಸಮ ಬೆಳಕು ಬಿಟ್ಟು, ಸಾದಾ ಕ್ಯಾಮೆರಾದಲ್ಲಿ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಪುಸ್ತಕದ ಬೆನ್ನು ಬಿಗಿಯಾಗಿದ್ದರೆ ಪೂರ್ತಿ ಬಿಚ್ಚಬೇಡಿ. ಎರಡು ದಿಂಬಿನ ಮಧ್ಯೆ ಅರ್ಧ ತೆರೆದಿಟ್ಟು ಒಂದೊಂದೇ ಪುಟ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ, ಬಿಟ್ಟರೆ ಮುಂದೆ ಯಾರಾದರೂ ಪುಟ ಕಳೆದಿದೆ ಎಂದುಕೊಳ್ಳುತ್ತಾರೆ.

ಹೆಸರಿಡುವುದು ಅಂಕಿಗಳಲ್ಲಿ: 03-012-0007 ಎಂದರೆ ಮೂರನೇ ವಿಭಾಗ, 12ನೇ ಕಡತ, 7ನೇ ಚಿತ್ರ. ‘ಅಜ್ಜಿ ಲೆಟರ್ ಫೈನಲ್ 2’ ಎಂದಿಟ್ಟರೆ ಮುಂದಿನ ವರ್ಷ ನಿಮಗೇ ತಿಳಿಯುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಡಿಸ್ಕ್ ತೆರೆದು ನೋಡಿ, ಚೆಕ್‌ಸಮ್ (ಫೈಲು ಕೆಟ್ಟಿಲ್ಲವೆಂದು ತೋರಿಸುವ ಸಂಕೇತ) ಪಟ್ಟಿ ತಾಳೆ ಮಾಡಿ. ಫ್ಲಾಪಿ, ಸಿಡಿ, ಕ್ಯಾಸೆಟ್ ಸಿಕ್ಕರೆ ಕಾಗದಕ್ಕಿಂತ ಮೊದಲು ಅವನ್ನೇ ನಕಲು ಮಾಡಿಸಿ.

ಎಲ್ಲಿಗೆ ಕೊಡುವುದು, ಏನು ಬರೆಸಿಕೊಳ್ಳುವುದು

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ಸಾರ್ವಜನಿಕ ಪತ್ರಾಗಾರ ತೆರೆಯಿತು, ಸಮಕಾಲೀನ ಭಾರತೀಯ ವಿಜ್ಞಾನದ ಕಾಗದಗಳಿಗೆ ಮೊದಲು ತಟ್ಟಬೇಕಾದ ಬಾಗಿಲು ಅದೇ. ಭಾರತೀಯ ವಿಜ್ಞಾನ ಸಂಸ್ಥೆಗೂ ತನ್ನದೇ ಪತ್ರಾಗಾರವಿದೆ. ಮೈಸೂರು ಸಂಸ್ಥಾನದ ಸರ್ಕಾರಿ ವೈದ್ಯೆಯಾಗಿದ್ದರೆ ನೇಮಕ, ವರ್ಗಾವಣೆಯ ಕಡತಗಳನ್ನು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹುಡುಕಿ. ಮಿಷನ್ ಆಸ್ಪತ್ರೆಯವರಾಗಿದ್ದರೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ನೋಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಂಥ ಮೆಥಡಿಸ್ಟ್ ಸಂಸ್ಥೆಗಳಿಗೆ ಸಂಬಂಧಿಸಿದ ಮಿಷನ್ ಕಾಗದಗಳು ಲಂಡನ್ನಿನ ಸೋಆಸ್ (ಏಷ್ಯಾ, ಆಫ್ರಿಕಾ ಅಧ್ಯಯನದ ಕಾಲೇಜು) ಗ್ರಂಥಾಲಯದಲ್ಲಿವೆ.

ಪತ್ರವ್ಯವಹಾರದ ಅರ್ಧ ಯಾವಾಗಲೂ ಬೇರೆಯವರ ಪೆಟ್ಟಿಗೆಯಲ್ಲಿರುತ್ತದೆ. ಅಮೆರಿಕಕ್ಕೆ ಹೋಗಿ ವೈದ್ಯೆಯಾದ ಆನಂದಿಬಾಯಿ ಜೋಶಿ 1886ರಲ್ಲಿ ಪದವಿ ಪಡೆದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ದಾಖಲೆಗಳು ಈಗ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿವೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಕಟ್ಟಿದ ಐಡಾ ಸ್ಕಡರ್ ಕಾಗದಗಳು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯದಲ್ಲಿವೆ. ನಿಮ್ಮ ಅಜ್ಜಿ ವೆಲ್ಲೂರಿನಲ್ಲಿ ಓದಿದ್ದರೆ ಅಲ್ಲಿನ ಪಟ್ಟಿಯಲ್ಲಿ ಒಮ್ಮೆ ಹುಡುಕಿ. ಎಲ್ಲ ಹೆಸರಿನಲ್ಲೂ.

ಕೊಡುವಾಗ ಬಾಯಿಮಾತು ಸಾಲದು. ದಾನಪತ್ರದಲ್ಲಿ ವಾರಸುದಾರರೆಲ್ಲರ ಸಹಿ ಇರಲಿ. ಒಬ್ಬ ಚಿಕ್ಕಪ್ಪ ಹೊರಗುಳಿದರೂ ಹತ್ತು ವರ್ಷದ ಮೇಲೆ ತಕರಾರು ಬರುತ್ತದೆ. ಕಾಗದದ ಒಡೆತನ ಬೇರೆ, ಕೃತಿಸ್ವಾಮ್ಯ ಬೇರೆ: ಅಜ್ಜಿಗೆ ಬಂದ ಪತ್ರದ ಹಾಳೆ ನಿಮ್ಮದು, ಅದರ ಮಾತು ಬರೆದವರದು. ಭಾರತದ ಕಾನೂನಿನಲ್ಲಿ ಬರೆದವರು ಸತ್ತ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬದುಕಿದ್ದಾಗ ಅಚ್ಚಾಗದೆ ಆಮೇಲೆ ಅಚ್ಚಾದ ಬರಹಕ್ಕೆ ಆ 60 ವರ್ಷದ ಎಣಿಕೆ ಪ್ರಕಟಣೆಯಿಂದ ಶುರು. ಅಜ್ಜಿಯ ಬರಹದ ಕೃತಿಸ್ವಾಮ್ಯವನ್ನೂ ಬಿಟ್ಟುಕೊಡುವುದಾದರೆ ಅವಧಿ, ಪ್ರದೇಶ ಎರಡನ್ನೂ ಬರೆಸಿ. ಬರೆಯದಿದ್ದರೆ ಕಾಯ್ದೆಯ 19ನೇ ಕಲಮಿನಂತೆ 5 ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದಾಗುತ್ತದೆ. ನಿರ್ಬಂಧಿತ ಕಡತಗಳ ಪಟ್ಟಿ, ತೆರೆಯುವ ವರ್ಷ, ಸಂಸ್ಥೆಗೆ ಬೇಡವಾದ ಕಾಗದ ನಿಮಗೆ ವಾಪಸ್ ಬರಬೇಕೋ ಬೇಡವೋ, ಕುಟುಂಬಕ್ಕೆ ಸ್ಕ್ಯಾನ್ ಪ್ರತಿ ಸಿಗುತ್ತದೋ, ಇವೆಲ್ಲ ಅದೇ ಪತ್ರದಲ್ಲಿರಬೇಕು. ಕೊಟ್ಟ ದಿನ ಪೆಟ್ಟಿಗೆಗಳ ಸಂಖ್ಯೆ ನಮೂದಿಸಿದ ರಸೀದಿ, ಆಮೇಲೆ ಅವರ ಸೇರ್ಪಡೆ ಸಂಖ್ಯೆ ಪಡೆಯಿರಿ. ಒಂದು ವರ್ಷವಾದರೂ ಪಟ್ಟಿ ಬರದಿದ್ದರೆ ನೀವು ಮಾಡಿದ ಎಕ್ಸೆಲ್ ಹಾಳೆಯನ್ನೇ ಕಳಿಸಿ, ಸದ್ಯಕ್ಕೆ ಇದನ್ನೇ ಓದುಗರಿಗೆ ಕೊಡಿ ಎನ್ನಿ.

ಕಾಗದ ಹೋದ ಮೇಲೆ ಟ್ರಂಕು ಉಳಿಯುತ್ತದೆ. ಗುಜರಿಗೆ ಹಾಕುವ ಮುನ್ನ ಮುಚ್ಚಳದ ಎರಡೂ ಬದಿ ನೋಡಿ. ಹಾಸ್ಟೆಲಿಗೆ ಹೊರಟ ದಿನ ಬಿಳಿ ಬಣ್ಣದಲ್ಲಿ ಬರೆಸಿದ ತವರಿನ ಹೆಸರು, ಅದರ ಮೇಲೆ ಅಂಟಿಸಿದ ರೈಲ್ವೆ ಚೀಟಿ ಇದ್ದರೆ ಅದರದ್ದೂ ಒಂದು ಫೋಟೊ ತೆಗೆದು ಹೆಸರುಗಳ ಹಾಳೆಗೆ ಸೇರಿಸಿ.